ಟೋಪಿಯೊಳಗಿನ ಗುಂಗುರು

ಜೂನ್ 14, ಶನಿವಾರ

ಅಂತೂ ಸಮುದ್ರ ಕಂಡಿತು. ನಮ್ಮೂರು ಡೇಟನ್‌ನಿಂದ ಇಲ್ಲಿಗೆ ಪ್ರತಿ ವರ್ಷ ಒಂದೇ ಓಟದಲ್ಲಿ ಬರುತ್ತಿದ್ದೆವು. ಈ ಸಲ ಮಗು ಇದ್ದದ್ದರಿಂದ ವೆಸ್ಟ್ ವರ್ಜೀನಿಯಾದಲ್ಲಿ ಒಂದು ರಾತ್ರಿ ತಂಗಬೇಕಾಯಿತು. ಬೆಟ್ಟದ ತಿರುವುಗಳಲ್ಲಿ ರೆನ್ ಎರಡು ಸಲ ಕಕ್ಕಿದಳು, ಅದರಲ್ಲಿ ಒಂದು ಸಲ ನನ್ನ ಅಮ್ಮನ ಹೊಸ ಕೈಚೀಲದೊಳಕ್ಕೆ. "ಹನ್ನೊಂದು ತಿಂಗಳಿಗೇ ಎಂಥಾ ಗುರಿ ನೋಡಿ ಮೇವಿಸ್" ಎಂದು ರಸ್ ತನ್ನ ಅತ್ತೆಯನ್ನು ರೇಗಿಸಿದ. ಮೂರು ಊರು ದಾಟುವವರೆಗೆ ಅಮ್ಮ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ನನ್ನ ಗಂಡನಿಗೆ ಯಾವಾಗ ಬಾಯಿ ಮುಚ್ಚಿಕೊಂಡಿರಬೇಕೆಂದು ಈ ಜನ್ಮದಲ್ಲಿ ತಿಳಿಯುವುದಿಲ್ಲ.

ಪೆಲಿಕನ್ ರೆಸಾರ್ಟಿನಲ್ಲಿ ನಮ್ಮದು ಎಂದಿನಂತೆ ಅದೇ ವಾರ, ಅದೇ ಎರಡನೇ ಮಹಡಿಯ ಮೂಲೆ ಮನೆ. ಈ ಸಲ ತೊಟ್ಟಿಲು ಬೇಕೆಂದು ಮೊದಲೇ ಹೇಳಿದ್ದೆ. ಕೌಂಟರಿನ ಗ್ಲೆಂಡಾ ರೆನ್‌ಳನ್ನು ಕಂಡದ್ದೇ ಎದ್ದು ಬಂದಳು. "ಕೊನೆಗೂ ದೇವರು ಕಣ್ಣು ಬಿಟ್ಟ ಅಲ್ವಾ ಡೋರೀನ್. ನಂಗಂತೂ ಹೊಟ್ಟೆ ತಣ್ಣಗಾಯ್ತು" ಎಂದಳು. ನಾನು ಹೌದು ಎಂದೆ. ರಸ್ ನನ್ನ ಮುಖ ನೋಡಿದ.

ಹೌದು ಎಂದದ್ದರಲ್ಲಿ ಸುಳ್ಳೇನಿದೆ? ಎರಡು ತಿಂಗಳ ಕೂಸನ್ನು ಕೌಂಟಿಯ ಮಕ್ಕಳ ಇಲಾಖೆಯವರು ತಂದು ನನ್ನ ಕೈಗಿಟ್ಟರು. ಹೆತ್ತವಳು ನಶೆಯ ಮಾತ್ರೆ ನುಂಗಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು, ಕೂಸು ಸೋಫಾದಿಂದ ಜಾರಿ ನೆಲದ ಮೇಲೆ ಅಳುತ್ತಿತ್ತು, ಪಕ್ಕದ ಮನೆಯವರು ಫೋನ್ ಮಾಡಿದರು. ಆ ಹುಡುಗಿ ಸರಿಹೋಗುವವರೆಗೆ ಸಾಕಿ ಎಂದರು, ಸಾಕುತ್ತಿದ್ದೇನೆ. ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ತಿರುಗಿದವಳು ನಾನು. ಹಲ್ಲು ಬರುವಾಗ ಬೆರಳು ಕಚ್ಚಿಸಿಕೊಂಡವಳು ನಾನು. ಈಗ ಆ ಹುಡುಗಿ ಚಟ ಬಿಟ್ಟು, ಬೇಕರಿಯಲ್ಲಿ ಕೆಲಸ ಹಿಡಿದು, ಮನೆ ಮಾಡಿ, ಮಗು ಕೊಡಿ ಎನ್ನುತ್ತಿದ್ದಾಳೆ. ಇಪ್ಪತ್ತಾರಕ್ಕೆ ಕೋರ್ಟಿನಲ್ಲಿ ತೀರ್ಮಾನ. ಸಾಕುತಾಯಿಯ ಮಾತನ್ನೂ ನ್ಯಾಯಾಧೀಶರು ಕೇಳುತ್ತಾರೆ. ಕೇಳಲಿ, ಹೇಳುವುದಕ್ಕೆ ನನ್ನ ಹತ್ತಿರ ಬೇಕಾದಷ್ಟಿದೆ. ರೆನ್ ನಮ್ಮ ಮನೆಯಲ್ಲೇ ಬೆಳೆಯಬೇಕು.

ಸಾಕುವವರಿಗೆ ಕಟ್ಟುಪಾಡು ಒಂದೆರಡಲ್ಲ. ರಾಜ್ಯ ದಾಟಲು ಅನುಮತಿ ಬೇಕು. ಫೋಟೋ ಯಾರಿಗೂ ಕಾಣುವಂತೆ ಹಾಕಬಾರದು. ಕಿವಿ ಚುಚ್ಚಿಸಬಾರದು, ತಾಯಿಯನ್ನು ಕೇಳದೆ ಕೂದಲಿಗೆ ಕತ್ತರಿ ಸೋಕಿಸಬಾರದು. ನಾವು ಊರಲ್ಲಿಲ್ಲದ ಈ ವಾರ ತಾಯಿ ಮಗು ಭೇಟಿಯಾಗುವಂತಿಲ್ಲವಲ್ಲ, ಅದಕ್ಕೆ ದಿನಾ ಸಂಜೆ ಐದಕ್ಕೆ ಫೋನಿನಲ್ಲಿ ಮುಖ ತೋರಿಸಬೇಕು. ಐದಕ್ಕೆ ಅವಳಿಗೆ ಬೇಕರಿಯಲ್ಲಿ ಬಿಡುವಂತೆ. ಇಂದು ನಾನು ಐದಕ್ಕೆ ಸರಿಯಾಗಿ ಫೋನ್ ಹಿಡಿದು ಕೂತಿದ್ದೆ. ಅವಳು ಬಂದಾಗ ಹತ್ತು ನಿಮಿಷ ಕಳೆದಿತ್ತು. ಇದನ್ನು ಕೋರ್ಟಿನಲ್ಲಿ ಹೇಳಬೇಕು.

ಜೂನ್ 15, ಭಾನುವಾರ

ಅಪ್ಪಂದಿರ ದಿನ. ಬೆಳಗ್ಗೆ ಪ್ಯಾನ್‌ಕೇಕ್ ಅಂಗಡಿಯಲ್ಲಿ ಅಪ್ಪಂದಿರಿಗೆಲ್ಲ ಪೀಚ್ ಹಣ್ಣಿನ ಸಿಹಿ ಪೈ ಬಿಟ್ಟಿ. ತಂದುಕೊಡುವ ಹೆಂಗಸು ರಸ್‌ನ ಮುಂದೆಯೂ ಒಂದು ತಟ್ಟೆ ಇಟ್ಟು, "ಮೊದಲನೇ ವರ್ಷನಾ" ಎಂದಳು. ಅವನು ತಲೆಯಾಡಿಸಿ ತಿನ್ನತೊಡಗಿದ. ಎಲ್ಲದಕ್ಕೂ ಒಂದು ಕುಚೋದ್ಯ ಹುಡುಕುವ ಮನುಷ್ಯ, ಒಂದು ಮಾತೂ ಆಡದೆ ತಟ್ಟೆ ಕೆರೆದು ಮುಗಿಸಿದ.

ರೆನ್ ಇವತ್ತು ಸಮುದ್ರ ನೋಡಿದಳು. ಒದ್ದೆ ಮರಳಿನ ಮೇಲೆ ನಿಲ್ಲಿಸಿ ಎರಡೂ ಕೈ ಹಿಡಿದುಕೊಂಡೆ. ನೀರು ಬಂದು ಪಾದ ಮುಟ್ಟಿದ್ದೇ ಕಾಲೆರಡನ್ನೂ ಮೇಲಕ್ಕೆಳೆದುಕೊಂಡು ನನ್ನ ಕೈಯಲ್ಲಿ ಜೋತಾಡಿದಳು. ಅಲೆ ಹಿಂದಕ್ಕೆ ಹೋಯಿತು. ಅದು ಹೋದದ್ದು ತನಗೆ ಹೆದರಿಯೇ ಎಂದುಕೊಂಡಳೋ ಏನೋ, ಕೈ ಬೀಸಿ ಬೈಯತೊಡಗಿದಳು. ಅಮ್ಮ ಛತ್ರಿಯ ಕೆಳಗಿಂದ, "ಹಂಗೇ ಬೈಯಮ್ಮ, ನಾನೂ ಐವತ್ತು ವರ್ಷದಿಂದ ಬೈತಿದೀನಿ, ಅದು ಕೇಳಲ್ಲ" ಎಂದಳು.

ಸಂಜೆ ಶೆಲ್ಬಿ ಸಮಯಕ್ಕೆ ಸರಿಯಾಗಿಯೇ ಬಂದಳು. ಶೆಲ್ಬಿ ಎಂದರೆ ಆ ಹುಡುಗಿ, ಇಪ್ಪತ್ತೆರಡು ವಯಸ್ಸು. ತಲೆಗೆ ಬಲೆ, ಕೆನ್ನೆಗೆ ಹಿಟ್ಟು. ಮಗುವನ್ನು ನೋಡಿ ನಗಾಡಿ ಆದ ಮೇಲೆ, "ಮಿಸ್ ಡೋರೀನ್, ಫೋನ್ ಸ್ವಲ್ಪ ಸಮುದ್ರದ ಕಡೆ ತಿರುಗಿಸ್ತೀರಾ? ನಾನು ನೋಡೇ ಇಲ್ಲ" ಎಂದಳು. ತಿರುಗಿಸಿದೆ. ತುಸು ಹೊತ್ತಾದ ಮೇಲೆ, "ನಿಜವಾಗ್ಲೂ ಉಪ್ಪಿರುತ್ತಾ?" ಎಂದು ಕೇಳಿದಳು. ಮಗುವಿಗೆ ತಾಯಿಯಾಗಲು ಹೊರಟವಳು ಕೇಳುವ ಪ್ರಶ್ನೆಯೇ ಇದು? ಇವಳೇ ಇನ್ನೂ ಮಗು. ಇರುತ್ತೆ ಎಂದಷ್ಟೇ ಹೇಳಿ ಫೋನು ಈಚೆ ತಿರುಗಿಸಿಕೊಂಡೆ.

ಜೂನ್ 16, ಸೋಮವಾರ

ಬಿಸಿಲು ಹೆಚ್ಚಾಗಿದ್ದರಿಂದ ಮಧ್ಯಾಹ್ನವೆಲ್ಲ ರೆಸಾರ್ಟಿನ ಸೋಮಾರಿ ಹೊಳೆ ಎಂಬ ಕೃತಕ ಕಾಲುವೆಯಲ್ಲಿ ಕಳೆದೆವು. ಗಾಳಿ ತುಂಬಿದ ರಬ್ಬರ್ ಬಳೆಯೊಳಗೆ ಕೂತರೆ ಸಾಕು, ನೀರೇ ಸುತ್ತಿಸಿಕೊಂಡು ಬಂದು ಹೊರಟಲ್ಲಿಗೇ ಬಿಡುತ್ತದೆ. ಇದನ್ನು ಕಂಡುಹಿಡಿದ ಪುಣ್ಯಾತ್ಮ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸುವ ನನ್ನಂಥ ಹೆಂಗಸನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದನೆಂದು ತೋರುತ್ತದೆ. ರೆನ್ ನನ್ನ ಹೊಟ್ಟೆಯ ಮೇಲೆ ಕಪ್ಪೆಯ ಹಾಗೆ ಮಲಗಿದ್ದಳು. ಅವಳ ಗುಂಗುರು ಕೂದಲು ಒದ್ದೆಯಾಗಿ ನನ್ನ ಗಲ್ಲಕ್ಕೆ ತಾಗುತ್ತಿತ್ತು. ಹೀಗೇ ಸುತ್ತುತ್ತಿರೋಣ, ಇಪ್ಪತ್ತಾರನೇ ತಾರೀಕು ಬರುವುದೇ ಬೇಡ ಎನಿಸಿತು.

ಪಕ್ಕದ ಬಳೆಯಲ್ಲಿ ಬಂದ ಟೆನೆಸಿಯ ಹೆಂಗಸೊಬ್ಬಳು, "ಮೂಗು ನಿಮ್ದೇ ನೋಡಿ, ಅಚ್ಚೊತ್ತಿದ ಹಾಗಿದೆ" ಎಂದಳು. ನಾನು ಹಿಗ್ಗಿಹೋದೆ. ದಡಕ್ಕೆ ಬಂದು ಅಮ್ಮನಿಗೆ ಹೇಳಿದೆ.

"ನಿನ್ನ ಮೂಗಂತೆ" ಎಂದಳು ಅಮ್ಮ. "ನಿನ್ನ ಮೂಗು ನಂದು ಕಣೇ. ಅದು ಯಾರ್ಯಾರಿಗೆ ಹೋಗಿದೆ ಅಂತ ನನಗೆ ಗೊತ್ತಿಲ್ವಾ? ಆ ಮಗು ಮೂಗು ಅದರ ಅಮ್ಮಂದು. ಫೋನಲ್ಲಿ ದಿನಾ ನೋಡ್ತಿಲ್ವಾ ನೀನು?"

"ನೋಡೋಕೆ ನನಗೇನು ಬೇರೆ ಕೆಲಸ ಇಲ್ವಾ?"

"ಕೋರ್ಟಲ್ಲಿ ಏನು ಹೇಳ್ತೀಯ?"

ಇದ್ದದ್ದನ್ನು ಹೇಳುತ್ತೇನೆ ಎಂದೆ. ಚಳಿಗಾಲದಲ್ಲಿ ಎರಡು ಭೇಟಿ ತಪ್ಪಿಸಿಕೊಂಡದ್ದು, ಪದೇ ಪದೇ ತಡ ಮಾಡುವುದು, ಒಂದು ಸಲ ಡಯಾಪರನ್ನು ಹಿಂದುಮುಂದಾಗಿ ಕಟ್ಟಿ ಕಳಿಸಿದ್ದು, ಎಲ್ಲಕ್ಕಿಂತ ಮೊದಲು ಆ ಸೋಫಾ. ಅಮ್ಮ ತನ್ನ ಐಸ್ ಟೀಯನ್ನು ಕಡ್ಡಿಯಲ್ಲಿ ಕಲಕುತ್ತ ಕೇಳಿಸಿಕೊಂಡಳು. "ನೀನು ಎಂಟು ತಿಂಗಳಿರೋವಾಗ ಹಿಂಬಾಗಿಲ ಮೆಟ್ಟಿಲಿಂದ ಉರುಳಿದ್ದೆ. ನಾನು ಒಳಗೆ ಫೋನಲ್ಲಿ ಹರಟೆ ಹೊಡೀತಿದ್ದೆ. ನಮ್ಮ ಪಕ್ಕದ ಮನೆಯವರಿಗೆ ಕಿವಿ ಮಂದ, ಅದಕ್ಕೇ ನೀನು ನನ್ನ ಹತ್ರ ಉಳಕೊಂಡೆ" ಎಂದಳು.

ಅದೂ ಇದೂ ಒಂದೇ ಏನು? ಎಪ್ಪತ್ತಾದ ಮೇಲೆ ಏನು ಬೇಕಾದರೂ ಹೇಳಬಹುದೆಂದು ಅಮ್ಮ ತಿಳಿದುಕೊಂಡಿದ್ದಾಳೆ. ಊಟದ ಹೊತ್ತಿಗೆ ಅವಳ ಜೊತೆ ಮಾತು ಬಿಟ್ಟೆ.

ಜೂನ್ 18, ಬುಧವಾರ

ಹೇಗೆ ಬರೆಯಲಿ.

ರಸ್ ಮೀನು ಹಿಡಿಯಲೆಂದು ಸಮುದ್ರದೊಳಕ್ಕೆ ಚಾಚಿದ ಕಟ್ಟೆಯ ಕಡೆ ಹೋಗಿದ್ದ. ಅಮ್ಮ ಸ್ಯಾಂಡ್‌ವಿಚ್ ತರುತ್ತೇನೆಂದು ಮೇಲೆ ಹೋದಳು. ರೆನ್ ಛತ್ರಿಯ ನೆರಳಿನಲ್ಲಿ ಟವೆಲಿನ ಮೇಲೆ ನಿದ್ದೆ ಮಾಡುತ್ತಿದ್ದಳು. ಅಲೆಯ ಸದ್ದು, ತಣ್ಣನೆ ಗಾಳಿ. ಕಣ್ಣು ಮುಚ್ಚಿದೆ ಅಷ್ಟೇ, ನಿದ್ದೆ ಮಾಡಬೇಕೆಂದು ಮುಚ್ಚಲಿಲ್ಲ.

ಕಣ್ಣು ಬಿಟ್ಟರೆ ಟವೆಲ್ ಖಾಲಿ.

ನೀರಿನ ಕಡೆ ನೋಡಿದೆ. ಅಲ್ಲಿರಲಿಲ್ಲ. ನನ್ನ ಬೆನ್ನ ಹಿಂದೆಯೇ, ಅಮ್ಮನ ಕುರ್ಚಿಯ ಕೆಳಗೆ, ಅಂಗಡಿಯಿಂದ ತಂದಿದ್ದ ಅಂಟು ಮಿಠಾಯಿಯ ಪೊಟ್ಟಣ ಹರಿದುಕೊಂಡು ಕೂತಿದ್ದಳು. ಬಾಯಲ್ಲೊಂದು, ಕಾಗದದ ಸಮೇತ. ಬೆರಳು ಹಾಕಿ ತೆಗೆದೆ. ಕಿರುಚಿದಳು. ಕಿರುಚುವಷ್ಟು ಉಸಿರಿದೆಯಲ್ಲ ಎಂದು ದೇವರಿಗೆ ಕೈ ಮುಗಿದೆ. ಇನ್ನೊಂದು ಮಿಠಾಯಿ ಬಲಗಿವಿಯ ಮೇಲಿನ ಕೂದಲಿಗೆ ಮೆತ್ತಿಕೊಂಡು, ಅದರ ಮೇಲೆ ಮರಳು ಮೆತ್ತಿಕೊಂಡು, ಒಂದು ಗಡ್ಡೆಯಾಗಿತ್ತು.

ಮೇಲೆ ತಂದು ಬಿಸಿನೀರು ಹಾಕಿದೆ, ಎಣ್ಣೆ ಹಚ್ಚಿದೆ, ಬಾಚಿದೆ. ಏನು ಮಾಡಿದರೂ ಬಿಡಲಿಲ್ಲ. ಎಳೆದಾಗೆಲ್ಲ ಮಗು ಚೀರುತ್ತಿತ್ತು. ಅದರ ಅಳು ನಿಂತರೆ ಸಾಕಾಗಿತ್ತು ನನಗೆ. ರಸ್ ಬಿಟ್ಟುಹೋಗಿದ್ದ ಹಳೇ ಗಾಳದ ಪೆಟ್ಟಿಗೆಯಲ್ಲಿ ಸಣ್ಣ ಕತ್ತರಿ ಇತ್ತು. ಕಚಕ್ ಎಂದು ಕತ್ತರಿಸಿ ಗಡ್ಡೆಯನ್ನು ಕಸದ ಬುಟ್ಟಿಗೆ ಎಸೆದೆ. ಎಸೆದ ಮೇಲೆ ನೆನಪಾಯಿತು, ಈ ತಲೆಗೆ ಇದುವರೆಗೆ ಕತ್ತರಿ ಬಿದ್ದಿರಲಿಲ್ಲ.

ಅಮ್ಮ ಬಚ್ಚಲ ಬಾಗಿಲಲ್ಲಿ ಸ್ಯಾಂಡ್‌ವಿಚ್ ಹಿಡಿದು ನಿಂತಿದ್ದಳು. "ಅವಳಿಗೆ ಏನು ಹೇಳ್ತೀಯ?" ಎಂದಳು.

ಏನೂ ಹೇಳುವುದಿಲ್ಲ. ಇಪ್ಪತ್ತಾರಕ್ಕೆ ಮುಂಚೆ ಹೇಳುವುದಿಲ್ಲ. ಸಮುದ್ರದ ದಡದಲ್ಲಿ ಮಗು ಬಿಟ್ಟು ನಿದ್ದೆ ಹೋದಳು, ತಾಯಿಯನ್ನು ಕೇಳದೆ ಮೊದಲ ಕೂದಲು ಕತ್ತರಿಸಿದಳು ಎಂದು ಅವಳ ವಕೀಲರು ಎದ್ದು ನಿಂತು ಹೇಳಿದರೆ ನನ್ನ ಮಾತನ್ನು ಯಾರು ಕೇಳುತ್ತಾರೆ? ರೆನ್ ಕೈತಪ್ಪಿ ಹೋಗುತ್ತಾಳೆ.

ಐದಕ್ಕೆ ಮಗುವಿಗೆ ಹಳದಿ ಟೋಪಿ ಹಾಕಿ, ಗಲ್ಲದ ಕೆಳಗೆ ಗುಂಡಿ ಬಿಗಿದು ಕೂರಿಸಿದೆ.

"ಒಳಗೇ ಇದೀರಲ್ಲ ಮಿಸ್ ಡೋರೀನ್, ಟೋಪಿ ಯಾಕೆ?" ಎಂದಳು ಶೆಲ್ಬಿ.

"ಈಗಷ್ಟೇ ಬಂದ್ವಿ. ಎಂಥಾ ಬಿಸಿಲು ಅಂತೀಯ."

ಅವಳು ಟೋಪಿಯನ್ನೇ ನೋಡುತ್ತಿದ್ದಳು. "ಚೆನ್ನಾಗಿದೆ" ಎಂದಳು. ನಾನು, ನೆಟ್‌ವರ್ಕ್ ಸರಿಯಿಲ್ಲ ಎಂದು ಬೇಗನೆ ಇಟ್ಟುಬಿಟ್ಟೆ.

ಜೂನ್ 19, ಗುರುವಾರ

ಇಂದೂ ಟೋಪಿ. ಶೆಲ್ಬಿ ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಸೀಗಡಿ ತಿನ್ನಲು ಹೋಗಿದ್ದೆವು, ನನಗೆ ರುಚಿಸಲಿಲ್ಲ. ವಾಪಸು ಬರುವಾಗ ರಸ್, "ಇನ್ನೂ ಎಷ್ಟು ದಿನ ಹಾಕ್ತೀಯ ಟೋಪಿ? ಮಗುಗೆ ಹಾಕ್ತಿರೋದೋ, ಅದರ ಅಮ್ಮನಿಗೋ?" ಎಂದ. ನಿನಗೆ ಮಗು ಬೇಡವಾ ಎಂದು ಕೇಳಿದೆ. ಅವನು ನಿಂತ. "ನನಗೆ ಬೇಕು ಡೋರೀ. ಅವತ್ತು ಪೈ ತಿಂದಾಗಿಂದ ಇನ್ನೂ ಗಂಟಲಲ್ಲೇ ಇದೆ ಅದು. ಆದ್ರೆ ಹಿಂಗಲ್ಲ" ಎಂದು ತಳ್ಳುಗಾಡಿ ತಳ್ಳಿಕೊಂಡು ಮುಂದೆ ಹೋದ.

ಜೂನ್ 20, ಶುಕ್ರವಾರ

ಹೇಳಿಬಿಟ್ಟೆ.

ಐದಕ್ಕೆ ಮರಳಿನ ಮೇಲೆಯೇ ಕೂತು ಫೋನ್ ಹಚ್ಚಿದೆ. ಅವಳು ಮಾತು ಶುರು ಮಾಡುವುದಕ್ಕೂ ಬಿಡದೆ ಟೋಪಿ ಬಿಚ್ಚಿ, ಮಗುವಿನ ಬಲಗಡೆ ತಿರುಗಿಸಿ ತೋರಿಸಿದೆ. ಮಿಠಾಯಿ ಅಂಟಿದ್ದು, ಎಣ್ಣೆ ಹಚ್ಚಿದ್ದು, ಕತ್ತರಿಸಿದ್ದು ಹೇಳಿದೆ. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆಮೇಲೆ ನಿದ್ದೆ ಹೋದದ್ದನ್ನೂ ಹೇಳಿದೆ.

ಶೆಲ್ಬಿಯ ಹಿಂದೆ ಯಾರೋ ಟ್ರೇಗಳನ್ನು ಎಳೆದಾಡುವ ಸದ್ದು ಕೇಳುತ್ತಿತ್ತು.

"ಆ ಕೂದಲು ಎಲ್ಲಿದೆ?" ಎಂದಳು.

"ಬಿಸಾಕಿಬಿಟ್ಟೆ ಕಣಮ್ಮ. ಮರುದಿನ ಹುಡುಕೋ ಹೊತ್ತಿಗೆ ಕಸ ತಗೊಂಡು ಹೋಗಿದ್ರು."

"ಒಂದು ವರ್ಷ ತುಂಬಿದ ಮೇಲೆ ನಾನೇ ಕರ್ಕೊಂಡು ಹೋಗಿ ಕಟ್ ಮಾಡಿಸ್ಬೇಕು ಅಂತಿದ್ದೆ. ನಂದನ್ನ ನಮ್ಮಮ್ಮ ಬೈಬಲ್ ಒಳಗೆ ಇಟ್ಟಿದ್ಳು." ತೋಳಿನಿಂದ ಮುಖ ಒರೆಸಿಕೊಂಡಳು. ಕೆನ್ನೆಯ ಹಿಟ್ಟು ಕಣ್ಣಿನವರೆಗೆ ಹರಡಿತು. ನನಗೆ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಬುಧವಾರ ಟೋಪಿ ನೋಡಿದಾಗ್ಲೇ ಏನೋ ಇದೆ ಅಂತ ಗೊತ್ತಾಯ್ತು ಮಿಸ್ ಡೋರೀನ್" ಎಂದಳು. "ನಾನೂ ಹಿಂಗೇ ಹಾಕ್ತಿದ್ದೆ. ಅವಳಿಗೆ ಒಂದು ತಿಂಗಳಾಗಿತ್ತು. ಬಾಗಿಲು ತಗುಲಿ ಹಣೆ ಮೇಲೆ ಬುಗುಟೆ ಎದ್ದಿತ್ತು. ನರ್ಸ್ ನೋಡೋಕೆ ಬಂದಾಗ ಉಣ್ಣೆ ಟೋಪಿ ಹಾಕಿ ಕೂರಿಸಿದ್ದೆ, ಸೆಕೆಗಾಲದಲ್ಲಿ. ಆ ನರ್ಸ್ ಏನೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ಬಿಡ್ತಿದ್ನೇನೋ. ಎಷ್ಟು ಹೆದರಿಕೆ ಆಗುತ್ತೆ ಅಲ್ವಾ?"

ಹೌದು ಎಂದೆ. ನಾನು ಮಾತ್ರೆ ನುಂಗಿ ಮಲಗಿದವಳಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಖಾಲಿ ಟವೆಲ್ ನೋಡಿದಾಗ ನನಗಾದ ಭಯಕ್ಕೆ ಮಾತ್ರೆ ನುಂಗಿದವಳು ಯಾರು, ನುಂಗದವಳು ಯಾರು ಎಂದು ಗೊತ್ತಿರಲಿಲ್ಲ.

"ಕೌಂಟಿಯ ಪ್ಯಾಟ್ರಿಸ್‌ಗೆ ಹೇಳ್ತೀಯಾ?" ಎಂದು ಕೇಳಿದೆ. ರೆನ್‌ಳ ಕೇಸು ನೋಡಿಕೊಳ್ಳುವವರು ಅವರೇ.

"ನೀವೇ ಹೇಳಿ. ನಮ್ಮ ತಪ್ಪನ್ನ ಬೇರೆಯವ್ರು ಹೇಳಿದ್ರೆ ಅದು ದೊಡ್ಡದಾಗಿ ಕಾಣುತ್ತೆ. ನನಗದು ಗೊತ್ತು." ಮತ್ತೆ, "ಮುಂದಿನ ಸಲ ನನ್ನ ಕೇಳಿ, ಆಯ್ತಾ? ನೀವು ಕೇಳಿದ್ರೆ ನಾನು ಬೇಡ ಅನ್ತಿರ್ಲಿಲ್ಲ. ಪಾಪ, ಅವಳಿಗೆ ನೋಯ್ತಿತ್ತಲ್ಲ" ಎಂದಳು.

ನನ್ನ ಅರ್ಧ ವಯಸ್ಸಿನ ಹುಡುಗಿಯಿಂದ ಹೀಗೆ ಹೇಳಿಸಿಕೊಂಡೆ. ಅವಮಾನವಾಗಬೇಕಿತ್ತು. ಆಗಲಿಲ್ಲ. ಆಮೇಲೆ ಅವಳೇನೂ ಕೇಳದಿದ್ದರೂ ಎದ್ದು, ಒಂದು ಕೈಯಲ್ಲಿ ರೆನ್, ಒಂದು ಕೈಯಲ್ಲಿ ಫೋನು ಹಿಡಿದು ಮಂಡಿಯವರೆಗೆ ನೀರಿಗಿಳಿದೆ. ಫೋನನ್ನು ನೀರಿನ ಹತ್ತಿರಕ್ಕೆ ತಂದು ಅಲೆ ಮುರಿಯುವ ಸದ್ದು ಕೇಳಿಸಿದೆ. ನನ್ನ ತೋಳಿನ ಮೇಲಿದ್ದ ನೀರನ್ನು ರೆನ್ ನೆಕ್ಕಿ ಮುಖ ಸಿಂಡರಿಸಿದಳು. "ನೋಡು ಶೆಲ್ಬಿ, ಉಪ್ಪಿದೆಯಾ ಇಲ್ವಾ ಅಂತ ನಿನ್ನ ಮಗಳನ್ನೇ ಕೇಳು" ಎಂದೆ. ಅವಳು ಅಳು ಬಂದ ಮುಖದಲ್ಲೇ ನಕ್ಕಳು. ಬೇಕರಿಯ ಒಳಗಿಂದ ಯಾರೋ ಅವಳ ಹೆಸರು ಹಿಡಿದು ಕೂಗುವವರೆಗೆ ಬಿಡುವು ಮುಗಿದದ್ದು ನಮಗಿಬ್ಬರಿಗೂ ಗೊತ್ತಾಗಲಿಲ್ಲ.

ಪ್ಯಾಟ್ರಿಸ್‌ಗೆ ಕೂಡಲೇ ಫೋನ್ ಮಾಡಿದೆ. ಬರೆದುಕೊಳ್ಳುತ್ತೇನೆ ಎಂದರು, ದನಿಯಲ್ಲಿ ಏನೂ ಗೊತ್ತಾಗಲಿಲ್ಲ. ಮೇಲೆ ಮನೆಗೆ ಬಂದರೆ ಅಮ್ಮ ಉಳಿದ ಮಿಠಾಯಿಯನ್ನೆಲ್ಲ ಒಬ್ಬಳೇ ತಿಂದು ಮುಗಿಸಿದ್ದಳು. "ಇನ್ಮೇಲೆ ಯಾರ ತಲೆಗೂ ಅಂಟಲ್ಲ ಬಿಡು" ಎಂದಳು. ಅವಳ ಹತ್ತಿರ ಮಾತು ಬಿಟ್ಟಿದ್ದೇನೆಂಬುದು ಮರೆತು ನಕ್ಕುಬಿಟ್ಟೆ.

ಜೂನ್ 21, ಶನಿವಾರ

ಹೊರಟೆವು. ಕೊಠಡಿ ಗುಡಿಸಿ, ಮರಳು ಕೊಡವಿ, ಬೀಗದ ಕಾರ್ಡು ಕೊಡಲು ಹೋದಾಗ ಗ್ಲೆಂಡಾ ಎಂದಿನಂತೆ ಮುಂದಿನ ವರ್ಷದ ಪುಸ್ತಕ ತೆರೆದಿದ್ದಳು. ಇಲ್ಲಿ ಹೊರಡುವ ದಿನವೇ ಮುಂದಿನ ವರ್ಷದ ವಾರ ಹಿಡಿಯದಿದ್ದರೆ ಮೂಲೆ ಮನೆ ಇನ್ಯಾರದೋ ಪಾಲಾಗುತ್ತದೆ.

"ಅದೇ ವಾರ ತಾನೇ? ಎಷ್ಟು ಜನ ಅಂತ ಬರೀಲಿ?"

"ಮೂರು" ಎಂದೆ.

ಗ್ಲೆಂಡಾ ರೆನ್ ಕಡೆ ನೋಡಿದಳು. "ಇನ್ನೂ ಎರಡು ತುಂಬಿರಲ್ಲ ಅಲ್ವಾ, ಲೆಕ್ಕಕ್ಕೆ ಬೇಡ ಬಿಡಿ. ತೊಟ್ಟಿಲು ಮಾತ್ರ ಬರ್ಕೊಳ್ತೀನಿ."

"ಬೇಡ. ತೊಟ್ಟಿಲು ಬೇಡ" ಎಂದೆ.

ಕಾರಿನಲ್ಲಿ ರಸ್ ತುಂಬಾ ಹೊತ್ತು ಕೀಲಿ ತಿರುಗಿಸದೆ ಕೂತಿದ್ದ. "ಮೂರು ಅಂದೆಯಲ್ಲ" ಎಂದ. ಯಾಕೆ ಹಾಗೆಂದೆನೋ ನನಗೂ ಗೊತ್ತಿಲ್ಲ. ದಣಿವಾಗಿತ್ತು, ಬಾಯಿಗೆ ಬಂದದ್ದು ಹೇಳಿದೆ. ಬೇಕಾದರೆ ಫೋನ್ ಮಾಡಿ ಬದಲಾಯಿಸಿದರಾಯಿತು. ಬೆಟ್ಟದ ದಾರಿಯಲ್ಲಿ ಈ ಸಲ ರೆನ್ ಕಕ್ಕಲಿಲ್ಲ.

ಜೂನ್ 26, ಗುರುವಾರ

ಕೋರ್ಟು ಮುಗಿಯಿತು.

ಶೆಲ್ಬಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನನಗಿಂತ ಮೊದಲೇ ಬಂದು ಕೂತಿದ್ದಳು. ಕೂದಲಿನ ವಿಷಯವನ್ನು ಪ್ಯಾಟ್ರಿಸ್ ಎರಡೇ ಮಾತಿನಲ್ಲಿ ಹೇಳಿ ಮುಗಿಸಿದರು. ಶೆಲ್ಬಿಯ ವಕೀಲರು ಅದನ್ನು ಹಿಡಿದುಕೊಂಡು ಎದ್ದು ನಿಂತರು. ಶೆಲ್ಬಿ ಅವರ ಕೋಟು ಹಿಡಿದು ಎಳೆದು ಕೂರಿಸಿದಳು. ನಾನದನ್ನು ಕಣ್ಣಾರೆ ನೋಡಿದೆ.

ನ್ಯಾಯಾಧೀಶರು ನನ್ನ ಕಡೆ ತಿರುಗಿ, "ಮಗುವನ್ನು ದಿನವೂ ನೋಡಿದವರು ನೀವು. ಅವಳಿಗೆ ಯಾವುದು ಒಳ್ಳೇದು ಅನ್ಸುತ್ತೆ?" ಎಂದರು.

ಹೇಳಬೇಕೆಂದುಕೊಂಡದ್ದೆಲ್ಲ ತಲೆಯಲ್ಲಿ ಹಾಗೆಯೇ ಇತ್ತು, ಯಾವುದೂ ಮರೆತಿರಲಿಲ್ಲ. ಎದ್ದು ನಿಂತು, "ನನಗೆ ಅವಳು ಬೇಕು. ಅದನ್ನ ಮುಚ್ಚಿಡಲ್ಲ. ಆದ್ರೆ ನೀವು ಕೇಳಿದ್ದು ಅದಲ್ಲ" ಎಂದೆ. ಆಮೇಲೆ, "ಶೆಲ್ಬಿ ಕೆಲವು ಸಲ ತಡವಾಗಿ ಬಂದಿದ್ದಾಳೆ. ಬಸ್ಸಲ್ಲಿ ಬರೋಳು. ಆದ್ರೆ ಚಳಿಗಾಲ ಕಳೆದ ಮೇಲೆ ಬರದೇ ಇದ್ದದ್ದು ಅಂತ ಇಲ್ಲ. ಮಗುಗೆ ಅವಳ ದನಿ ಗೊತ್ತು. ಫೋನಲ್ಲಿ ಕೇಳಿದ್ರೂ ಆಟ ಬಿಟ್ಟು ತಿರುಗುತ್ತೆ. ಕಳಿಸಿಕೊಡಿ" ಎಂದೆ.

ಕೂತ ಮೇಲೆ ರಸ್ ನನ್ನ ಕೈ ಹಿಡಿದುಕೊಂಡ. ಎರಡು ವಾರಗಳಲ್ಲಿ ಹೋಗುತ್ತಾಳೆ. ಇಂದು ಇನ್ನು ಬರೆಯಲಾರೆ.

ಜುಲೈ 12, ಶನಿವಾರ

ಶೆಲ್ಬಿಯ ಮನೆ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ರಸ್ ಮೂರು ಸಲ ಹತ್ತಿ ಇಳಿದು ಸಾಮಾನು ಸಾಗಿಸಿದ. ಕೊನೆಯ ಸಲ ರೆನ್‌ಳ ನೆತ್ತಿಗೆ ಮುತ್ತು ಕೊಟ್ಟು, 'ಕಾರ್ ಬಿಸಿಲಲ್ಲಿದೆ' ಎಂದು ಹೇಳಿ ಹೋಗಿಬಿಟ್ಟ. ಕಾರು ನೆರಳಿನಲ್ಲೇ ಇತ್ತು.

ಮನೆ ಚೊಕ್ಕಟವಾಗಿದೆ. ಸೋಫಾ ಇಟ್ಟುಕೊಂಡಿಲ್ಲ, ನೆಲಕ್ಕೆ ದಪ್ಪ ಚಾಪೆ ಹಾಸಿದ್ದಾಳೆ. ರೆನ್ ಏನು ತಿನ್ನುತ್ತಾಳೆ, ಯಾವ ಕಂಬಳಿ ಇಲ್ಲದೆ ಮಲಗುವುದಿಲ್ಲ, ಹೊಟ್ಟೆ ನೋವಿಗೆ ಹೇಗೆ ಕಾಲು ಮಡಚಬೇಕು ಎಂದು ಹೇಳುತ್ತ ಹೋದೆ. ಶೆಲ್ಬಿ ಎಲ್ಲದಕ್ಕೂ ಹೂಂ ಎಂದಳು. ಹೇಳುವುದು ಮುಗಿದ ಮೇಲೆ ಮಗುವನ್ನು ಅವಳ ಕೈಗೆ ಕೊಟ್ಟು ಬಾಗಿಲ ಕಡೆ ತಿರುಗಿದೆ. ರೆನ್‌ಗೆ ಅಷ್ಟರಲ್ಲಿ ತಿಳಿದುಹೋಯಿತು. ಎರಡೂ ಕೈ ಚಾಚಿ, ಇಡೀ ಮೈ ನನ್ನ ಕಡೆ ಬಾಗಿಸಿ ಅಳತೊಡಗಿದಳು. ಅಂಥ ಅಳುವನ್ನು ನಾನು ಇದುವರೆಗೆ ಕೇಳಿರಲಿಲ್ಲ.

ಶೆಲ್ಬಿಯ ಮುಖ ಬಿಳಿಚಿತು. ಸಮಾಧಾನ ಮಾಡಲು ನೋಡಿದಳು, ಆಗಲಿಲ್ಲ. "ಮಿಸ್ ಡೋರೀನ್, ಸ್ವಲ್ಪ ಎತ್ಕೊಳ್ತೀರಾ? ನನ್ನ ಹತ್ರ ಅಳು ನಿಲ್ಲಿಸ್ತಿಲ್ಲ" ಎಂದು ಮಗುವನ್ನು ನನ್ನ ಕಡೆಗೇ ಚಾಚಿದಳು.

ನನ್ನ ಕೈ ಅರ್ಧ ಮೇಲೆದ್ದಿತ್ತು.

"ಬೇಡ" ಎಂದೆ. "ನೀನೇ ಎತ್ಕೊ. ಒಂದೇ ಕಡೆ ನಿಲ್ಲಬೇಡ, ಓಡಾಡ್ತಾ ಇರು. ಏನಾದ್ರೂ ಮಾತಾಡ್ತಾ ಇರು, ಏನು ಮಾತಾಡಿದ್ರೂ ನಡೆಯುತ್ತೆ. ನಾನಿದ್ರೆ ಅವಳು ನಿಲ್ಲಿಸಲ್ಲ."

ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಬಾಗಿಲ ಆಚೆ ಅಳು ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿತ್ತು. ಅದರ ಜೊತೆಗೇ ಶೆಲ್ಬಿಯ ದನಿ. ಏನು ಹೇಳುತ್ತಿದ್ದಳೋ ಕೇಳಿಸುತ್ತಿರಲಿಲ್ಲ, ಬಿಡದೆ ಹೇಳುತ್ತಿದ್ದಳು. ಕೆಳಗಿನ ಮನೆಯವರು ಬಾಗಿಲು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡರು. ತುಂಬಾ ಹೊತ್ತಿನ ಮೇಲೆ ಅಳು ಬಿಕ್ಕಳಿಕೆಯಾಯಿತು. ಆಮೇಲೆ ಅದೂ ನಿಂತಿತು. ಶೆಲ್ಬಿಯ ದನಿ ಮಾತ್ರ ಉಳಿಯಿತು.

ನಿಲ್ಲಲಿ ಎಂದೇ ಅಷ್ಟು ಹೊತ್ತು ಕಾದು ಕೂತಿದ್ದೆ. ನಿಂತ ಮೇಲೆ ನನಗೆ ತಡೆದುಕೊಳ್ಳಲಾಗಲಿಲ್ಲ. ಒಳಗೆ ಕೇಳಿಸಬಾರದೆಂದು ಬಾಯಿಗೆ ಅಂಗಿಯ ತುದಿ ಒತ್ತಿಕೊಂಡು ಅತ್ತೆ. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಾಗದಂತೆ ಇಳಿದು ಬಂದೆ.